ಹಾರ ಎಲ್ಲಿ ಹರೀತದ ಸರ್?



ನಮ್ಮ ಕಲಬುರಗಿ ಜಿಲ್ಲೆಯ ಚಂದಾಪುರ, ಚಿಂಚೋಳಿ, ಸೇಡಂ ಕಡೆ ಮಕ್ಕಳ ಸುದ್ದಿ ಬಂದರೆ ಮೂರು ಮಾತು ಬಹಳ ಓಡಾಡುತ್ತವೆ. ಶಾಣ್ಯಾ, ಬೆರಕಿ, ಉಡಾಳ. ಹೇಳಿದ್ದನ್ನು ಹೇಳಿದಂತೆ ಒಪ್ಪಿಸಿ ನೂರಕ್ಕೆ ತೊಂಬತ್ತು ತರುವವನು ಶಾಣ್ಯಾ. ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ತಿಳಿದುಕೊಂಡು ಮಾತಿಗೆ ಮಾತು ಜೋಡಿಸುವವನು ಬೆರಕಿ. ಒಂದು ಕಡೆ ಕೂಡಲಾರದವನು, ಪಾಠದ ನಡುವೆ ಬಾಯಿ ಹಾಕುವವನು, ಕಿಟಕಿಯಾಚೆ ನೋಡುತ್ತ ಕೂಡುವವನು ಉಡಾಳ. ನಾನು ಈ ಭಾಗದ ಶಾಲೆಗಳಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಈ ಮೂರು ಮಾತನ್ನು ನಾನೂ ಲೆಕ್ಕವಿಲ್ಲದಷ್ಟು ಸಲ ಆಡಿದ್ದೇನೆ. ಆ ಮೂರು ಹೆಸರಿನ ಮರೆಯಲ್ಲಿ ಯಾವ ಮಕ್ಕಳು ನಮ್ಮ ಕಣ್ಣು ತಪ್ಪಿಸಿಕೊಂಡು ಹೋದರು ಎಂಬುದೇ ಇವತ್ತಿನ ನನ್ನ ಮಾತು.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಸಂಗತಿ. ಎಂಟನೇ ತರಗತಿ. ಊರಿನ ಹೆಸರು, ಶಾಲೆಯ ಹೆಸರು ಬೇಡ. ವರ್ಗಸಂಖ್ಯೆಯ ಪಾಠ ನಡೆದಿತ್ತು. ಮಧ್ಯಾಹ್ನದ ಊಟ ಆಗಿ ಮಕ್ಕಳು ತೂಕಡಿಸುತ್ತಿದ್ದರು. ಅವರನ್ನು ಎಚ್ಚರಿಸಲೆಂದು ಮಳಖೇಡದ ಮಹಾವೀರಾಚಾರ್ಯನ ಕಥೆ ತೆಗೆದೆ. ಸೇಡಂ ತಾಲೂಕಿನ ಈ ಮಳಖೇಡವೇ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದ. ಅದರ ಗುಣಾಕಾರದ ಭಾಗದಲ್ಲಿ ಕೊರಳ ಹಾರದಂತೆ ಕಾಣುವ ಉತ್ತರಗಳಿವೆ. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಒಂದರಿಂದ ಆರಕ್ಕೆ ಏರಿ, ಆರರಿಂದ ಮತ್ತೆ ಒಂದಕ್ಕೆ ಇಳಿಯುವ ಹಾರ. ಆರು ಒಂದುಗಳನ್ನು ಸಾಲಾಗಿ ಬರೆದು ವರ್ಗ ಮಾಡಿದರೂ ಇದೇ ಸಂಖ್ಯೆ ಸಿಗುತ್ತದೆ.

ಹಲಗೆಯ ಮೇಲೆ ಬರೆದೆ. 11ರ ವರ್ಗ 121. 111ರ ವರ್ಗ 12321. 1111ರ ವರ್ಗ 1234321. ‘ಮುಂದಿನದು ಹೇಳ್ರಿ’ ಎಂದೆ. ತೂಕಡಿಕೆ ಹಾರಿಹೋಯಿತು, ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು. ‘ಶಾಣ್ಯಾ ಆಗೀರಿ’ ಎಂದು ಬೆನ್ನು ತಟ್ಟಿ ಮುಂದಿನ ಲೆಕ್ಕಕ್ಕೆ ಹೊರಟಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. ಲಂಬಾಣಿ ತಾಂಡಾದ ಹುಡುಗ. ಮನೆಗೆಲಸ ಎಂದೂ ಮಾಡಿ ತಂದವನಲ್ಲ. ಅಕ್ಷರ ಕಾಗೆ ಕಾಲು. ದೀಪಾವಳಿ ಮುಗಿದರೆ ತಂದೆತಾಯಿಯ ಜೊತೆ ದುಡಿಯಲಿಕ್ಕೆ ಗುಳೆ ಹೋಗಿ ಹೋಳಿ ಹುಣ್ಣಿಮೆಗೆ ತಿರುಗಿ ಬರುವವನು.

‘ಸರ್, ಹಾರ ಎಲ್ಲಿ ಹರೀತದ?’

ತರಗತಿ ನಕ್ಕಿತು. ಅವನು ಕೂಡಲಿಲ್ಲ. ‘ಒಂಬತ್ತರ ಮುಂದ ಅಂಕಿ ಇಲ್ಲಲ್ರೀ ಸರ್. ಹತ್ತು ಒಂದು ಇಟ್ರ ನಡುವ ಏನ್ ಕೂಡ್ತದ?’

ಪಾಠ ಇನ್ನೂ ಬಹಳ ಉಳಿದಿತ್ತು, ಗಂಟೆ ಹೊಡೆಯುವ ಹೊತ್ತಾಗಿತ್ತು. ‘ಸುಮ್ನ ಕೂಡು’ ಎಂದೆ. ಕೂತ. ಆಮೇಲೆ ನನ್ನ ತರಗತಿಯಲ್ಲಿ ಅವನು ಬಾಯಿ ತೆರೆದದ್ದು ನೆನಪಿಲ್ಲ. ಒಂಬತ್ತನೇ ತರಗತಿಯ ಹಾಜರಿಯಲ್ಲಿ ಅವನ ಹೆಸರೂ ಇರಲಿಲ್ಲ.

ಆ ಪ್ರಶ್ನೆಯ ತೂಕ ಎಷ್ಟು ಎಂದು ಸ್ವಲ್ಪ ನಿಧಾನಿಸಿ ನೋಡೋಣ. ಮುಂದಿನ ಹಾರ ಯಾವುದು ಎಂದು ಕೂಗಿದ ನಲವತ್ತು ಮಕ್ಕಳು ಕಣ್ಣೆದುರಿಗಿದ್ದ ಮಾದರಿಯನ್ನು ಹಿಡಿದರು. ಅದೂ ಒಳ್ಳೆಯ ಕೆಲಸವೇ. ಈ ಹುಡುಗ ಆ ಮಾದರಿಯ ಒಳಗೆ ಹೊಕ್ಕು, ಅದು ಯಾವ ಕಟ್ಟಿನ ಮೇಲೆ ನಿಂತಿದೆ, ಆ ಕಟ್ಟು ಎಲ್ಲಿ ಸಡಿಲುತ್ತದೆ ಎಂದು ಹುಡುಕಿದ. ಒಂಬತ್ತು ಒಂದುಗಳವರೆಗೆ ಹಾರ ಸರಿಯಾಗಿಯೇ ಬರುತ್ತದೆ: 12345678987654321. ಹತ್ತು ಒಂದುಗಳನ್ನಿಟ್ಟರೆ ನಡುವೆ ಹತ್ತು ಕೂಡಬೇಕು. ಒಂದೇ ಮನೆಯಲ್ಲಿ ಹತ್ತು ಹಿಡಿಯುವುದಿಲ್ಲ, ದಶಕ ಎಡಕ್ಕೆ ಜರುಗುತ್ತದೆ. ಉತ್ತರ 1234567900987654321. ಏಳಾದ ಮೇಲೆ ಎಂಟು ಮಾಯ, ನಡುವೆ ಎರಡು ಸೊನ್ನೆ. ಹಾರ ಹರಿಯಿತು. ಸ್ಥಾನಬೆಲೆ ಎಂದು ನಾವು ಮೂರನೇ ತರಗತಿಯಿಂದ ಬಾಯಿಪಾಠ ಮಾಡಿಸುವ ವಿಷಯದ ಜೀವವೇ ಆ ಪ್ರಶ್ನೆಯಲ್ಲಿತ್ತು. ಗಣಿತ ಓದಿದ ನನಗೆ ಆ ಕ್ಷಣ ಅದು ಕಾಣಲಿಲ್ಲ. ನಾನು ನೋಡಿದ್ದು ಉಡಾಳನನ್ನು.

ಹತ್ತು ಹನ್ನೆರಡು ವರ್ಷದ ಮೇಲೆ ಚಂದಾಪುರದ ಒಂದು ಹೋಟೆಲಿನ ಮುಂದೆ ಒಬ್ಬ ಯುವಕ ಬಂದು ಕಾಲು ಮುಟ್ಟಿದ. ಪರಸಿ ಕಲ್ಲು ಹಾಸುವ ಕೆಲಸ ಹಿಡಿದಿದ್ದ. ಮನೆಯನ್ನು ಒಂದು ಸುತ್ತು ಹಾಕಿದರೆ ಸಾಕು, ಎಷ್ಟು ಚದರ ಅಡಿ, ಎಷ್ಟು ಕಲ್ಲು, ಎಷ್ಟು ಒಡಕು ಹೋಗುತ್ತದೆ ಎಂದು ಬಾಯಲ್ಲೇ ಹೇಳುತ್ತಾನೆ ಎಂದು ಜೊತೆಗಿದ್ದವರು ಹೊಗಳಿದರು. ಚಹಾ ಕುಡಿದು ಎದ್ದಾಗ ಅವನು ಮೆಲ್ಲಗೆ ಅಂದ: ‘ಸರ್, ಹತ್ತನೇದಕ್ಕ ಹರೀತದ. ಪುಣೇದಾಗ ಕೆಲಸಕ್ಕ ಇದ್ದಾಗ ಗೋಡಿ ಮ್ಯಾಲ ಮಾಡಿ ನೋಡ್ದೆ.’

ಅವನು ಮರ್ಯಾದೆಯಿಂದ ದುಡಿದು ಉಣ್ಣುತ್ತಾನೆ, ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಪ್ರಶ್ನೆಯನ್ನು ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡು, ಪರ ಊರಿನಲ್ಲಿ, ಸಿಮೆಂಟು ಮೆತ್ತದ ಗೋಡೆಯ ಮೇಲೆ ಒಬ್ಬನೇ ಬಿಡಿಸಿದ ಮಗುವಿಗೆ ಶಾಲೆಯಲ್ಲಿ ಒಂದು ಜಾಗ ಬೇಕಾಗಿತ್ತು. ಆ ಜಾಗ ಕೊಡುವ ಅಧಿಕಾರ ಆ ದಿನ ನನ್ನ ಕೈಯಲ್ಲಿತ್ತು, ನಾನು ಕೊಡಲಿಲ್ಲ.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇಕಡಾ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕೊನೆಗೆ ನಿಂತಿತು. ಪ್ರತಿ ವರ್ಷ ಮೇ ತಿಂಗಳು ಬಂದರೆ ನಮ್ಮ ಮಕ್ಕಳು ಪತ್ರಿಕೆಯ ಪಟ್ಟಿಯಲ್ಲಿ ಒಂದು ಸಾಲಾಗಿಬಿಡುತ್ತಾರೆ. ಆಮೇಲೆ ವರ್ಷವೆಲ್ಲ ಸಭೆ, ವಿಶೇಷ ತರಗತಿ, ಫೇಲಾಗುವವರನ್ನು ಪಾಸು ಮಾಡಿಸುವ ಓಟ. ಈ ಓಟ ಬೇಡ ಎನ್ನುವವನು ನಾನಲ್ಲ. ಆದರೆ ಇಂಥ ಕಡೆ ‘ಪ್ರತಿಭಾವಂತ ಮಗು’ ಎಂದು ಬಾಯಿ ತೆಗೆದರೆ, ‘ಮೊದಲು ಪಾಸಾಗಲಿ ಬಿಡ್ರಿ’ ಎಂಬ ಉತ್ತರ ಬರುತ್ತದೆ. ಎದ್ದು ಕಾಣುವ ಬುದ್ಧಿಶಕ್ತಿ ಇರುವ ಮಕ್ಕಳು ನೂರಕ್ಕೆ ಎರಡರಿಂದ ಐದು ಎಂದು ಈ ವಿಷಯ ಓದಿದವರು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕ ಬೆಂಗಳೂರಿಗೆ ಬೇರೆ, ನಮ್ಮ ಐನಾಪುರದಂಥ ಹಳ್ಳಿಗೆ ಬೇರೆ ಇರುವುದಿಲ್ಲ. ಇನ್ನೂರು ಮಕ್ಕಳ ಶಾಲೆಯಲ್ಲಿ ನಾಲ್ಕು ಜನರಾದರೂ ಇರಲೇಬೇಕು. ಅವರ ಹೆಸರು ಹೇಳಲು ಬರದಿದ್ದರೆ, ನಾವು ನೋಡಿಲ್ಲ ಎಂದೇ ಅರ್ಥ.

ಮಳಖೇಡದ ಆಸ್ಥಾನದಲ್ಲೇ ಹುಟ್ಟಿದ ‘ಕವಿರಾಜಮಾರ್ಗ’ ಈ ನಾಡಿನ ಜನರ ಬಗ್ಗೆ ಏನು ಹೇಳಿದೆ ನೆನಪಿಸಿಕೊಳ್ಳಿ. ಇಲ್ಲಿಯವರು ಓದಿ ಕಲಿಯದಿದ್ದರೂ ಕಾವ್ಯ ಬಲ್ಲವರು ಎಂಬ ಮಾತು ಎಲ್ಲರಿಗೂ ಗೊತ್ತು. ಅದರ ಮುಂದಿನ ಪದ್ಯವನ್ನು ಅಷ್ಟಾಗಿ ಯಾರೂ ಎತ್ತುವುದಿಲ್ಲ. ಸಣ್ಣ ಮಕ್ಕಳೂ, ಮಾತು ಬಾರದವರೂ ವಿವೇಕ ತಿಳಿಸಬಲ್ಲರು ಎಂಬ ಅರ್ಥ ಅಲ್ಲಿದೆ. ಶಾಲೆಯ ಗೇಟಿನ ಹೊರಗಿರುವ ಬುದ್ಧಿಯನ್ನು ಗುರುತಿಸುವ ಕಣ್ಣು ಈ ಮಣ್ಣಿನ ರಾಜಾಸ್ಥಾನಕ್ಕೆ ಸಾವಿರ ವರ್ಷದ ಹಿಂದೆ ಇತ್ತು.

ಗುರುತಿಸುವುದು ಹೇಗೆ? ಪರೀಕ್ಷೆ ಇಟ್ಟರಾಯಿತು ಎನ್ನುವವರಿದ್ದಾರೆ. ಬುದ್ಧಿಪರೀಕ್ಷೆಯ ಹಾದಿ 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆಯಿಂದ ತೊಡಗಿತು. ಕಲಿಕೆಯಲ್ಲಿ ಸಹಾಯ ಬೇಕಾದ ಮಕ್ಕಳನ್ನು ಹುಡುಕಲೆಂದು ಅವನು ಅದನ್ನು ಮಾಡಿದ್ದು. ಅದನ್ನು ಕನ್ನಡ ಮಕ್ಕಳ ಬಾಯಿಗೆ ಹೊಂದಿಸಿದವರು ವಿ.ವಿ. ಕಾಮತ್. ಮುಂಬಯಿ ಕರ್ನಾಟಕದ ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗಾಗಿ 1934ರಲ್ಲಿ ಅವರು ಪ್ರಕಟಿಸಿದ ಆ ರೂಪ ಬಿನೆ-ಕಾಮತ್ ಪರೀಕ್ಷೆ ಎಂದು ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ನಮ್ಮ ಕಡೆಯ ಮಕ್ಕಳಿಗಾಗಿ ಹೊಂದಿಸಿದ್ದಲ್ಲ. ನಮ್ಮ ಭಾಗ ಆಗ ನಿಜಾಮರ ಆಡಳಿತದಲ್ಲಿತ್ತು, ಸರಕಾರಿ ಶಾಲೆಯ ಭಾಷೆ ಉರ್ದು. ನನ್ನ ತಂದೆ ಮಗ್ಗಿ ಕಲಿತದ್ದು ಉರ್ದುವಿನಲ್ಲಿ.    

ಪರೀಕ್ಷೆ ಒಂದು ಜರಡಿ. ಅದರಲ್ಲಿ ಕೆಲವರು ಸಿಗುತ್ತಾರೆ, ಕೆಲವರು ಸೋರಿಹೋಗುತ್ತಾರೆ. ಅಮೆರಿಕದ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯದ ಶಾಲೆಗಳಿಂದ ಸಾವಿರದೈನೂರಕ್ಕೂ ಹೆಚ್ಚು ಬುದ್ಧಿವಂತ ಮಕ್ಕಳನ್ನು ಆರಿಸಿ, ಅವರ ಬಾಳನ್ನು ಹತ್ತಾರು ವರ್ಷ ಹಿಂಬಾಲಿಸಿ ನೋಡುವ ಕೆಲಸಕ್ಕೆ ಕೈಹಾಕಿದ. ಆ ಆಯ್ಕೆಯಲ್ಲಿ ಅಂಕ ಸಾಲದೆ ಹೊರಗುಳಿದ ಇಬ್ಬರು ಹುಡುಗರಿದ್ದರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಮುಂದೆ 1956ರಲ್ಲಿ ಶಾಕ್ಲಿಗೆ, 1968ರಲ್ಲಿ ಆಲ್ವರೆಜ್‌ಗೆ ಭೌತಶಾಸ್ತ್ರದ ನೊಬೆಲ್ ಬಂತು. ಆಯ್ದುಕೊಂಡ ಅಷ್ಟೂ ಮಕ್ಕಳಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಒಂದು ದಿನದ ಪ್ರಶ್ನೆಪತ್ರಿಕೆಗೆ ಮಗುವಿನ ಇಡೀ ಆಳ ಸಿಗುವುದಿಲ್ಲ. ದಿನಕ್ಕೆ ಆರು ತಾಸು, ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಮಗುವನ್ನು ನೋಡುವ ಶಿಕ್ಷಕರಿಗೆ ಅದು ಸಿಗಬಲ್ಲದು, ನೋಡುವ ಮನಸ್ಸು ಬೇಕು.

ನಮ್ಮ ಭಾಗದಲ್ಲಿ ಏನು ನೋಡಬೇಕು ಎಂದು ನನಗೆ ತಡವಾಗಿ ತಿಳಿದದ್ದನ್ನು ಹೇಳುತ್ತೇನೆ. ಕುಂಚಾವರಂ ಕಡೆಯ ಒಂದು ಶಾಲೆಯಲ್ಲಿ ಐದನೇ ತರಗತಿಯ ಹುಡುಗಿ ಕನ್ನಡ ಓದುವಾಗ ತಡವರಿಸುತ್ತಿದ್ದಳು. ‘ಹಿಂದುಳಿದವಳು’ ಎಂದು ಬರೆದಿಟ್ಟಿದ್ದರು. ಮನೆಯಲ್ಲಿ ಅವಳ ಮಾತು ಲಂಬಾಣಿ. ಅಂಗಡಿಗೆ ಹೋದರೆ ತೆಲುಗು. ಓಣಿಯ ಗೆಳತಿಯರೊಂದಿಗೆ ಉರ್ದು. ಶಾಲೆಗೆ ಬಂದರೆ ಕನ್ನಡ, ಅದೂ ಪುಸ್ತಕದ ಕನ್ನಡ. ಒಂದು ದಿನ ಆಟದ ಬಯಲಿನಲ್ಲಿ ನಾಲ್ಕು ಕಡೆಯ ನಾಲ್ಕು ಮಕ್ಕಳ ಜಗಳವನ್ನು ಅವಳು ಬಿಡಿಸುತ್ತಿದ್ದಳು. ಪ್ರತಿಯೊಬ್ಬರಿಗೆ ಅವರವರ ಭಾಷೆಯಲ್ಲಿ ಹೇಳುತ್ತ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತ, ನಡುವೆ ಒಂದು ಮಾತೂ ತಪ್ಪದೆ. ಹತ್ತು ವರ್ಷದ ಮಗು! ಆ ಶಕ್ತಿಗೆ ನಮ್ಮ ಪ್ರಗತಿಪತ್ರದಲ್ಲಿ ಕಾಲಂ ಇಲ್ಲ.

ಇನ್ನೊಬ್ಬ ಹುಡುಗಿ, ಆರನೇ ತರಗತಿ, ಶಾಲೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಅವಳ ತಾಯಿ ಸ್ವಸಹಾಯ ಸಂಘದ ಸದಸ್ಯೆ. ಸಂಘದ ಹದಿನೈದು ಹೆಂಗಸರ ಉಳಿತಾಯ, ಸಾಲ, ಬಡ್ಡಿ, ಕಂತು ಎಲ್ಲವನ್ನೂ ಈ ಹುಡುಗಿ ಬರೆದಿಡುತ್ತಿದ್ದಳು. ಬಡ್ಡಿಯ ಲೆಕ್ಕದಲ್ಲಿ ದೊಡ್ಡವರು ಮಾಡಿದ ತಪ್ಪನ್ನು ಹಿಡಿದಿದ್ದಳು. ಶಾಲೆಯ ಗಣಿತದಲ್ಲಿ ಅವಳಿಗೆ ಬಂದದ್ದು ಸಾಧಾರಣ ಅಂಕ. ಇದು ಅವಳೊಬ್ಬಳ ಕಥೆಯಲ್ಲ. ಕೋಲ್ಕತ್ತ, ದಿಲ್ಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ 1,436 ಮಕ್ಕಳನ್ನು ನೋಡಿದ ಒಂದು ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಗಿರಾಕಿಯ ಮುಂದೆ ಮನಸ್ಸಿನಲ್ಲೇ ಸರಿಯಾಗಿ ಲೆಕ್ಕ ಮಾಡುವ ಮಕ್ಕಳು ಅದೇ ಬಗೆಯ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕೊಟ್ಟರೆ ಮುಗ್ಗರಿಸಿದರು. ಶಾಲೆಯ ಲೆಕ್ಕ ಬಲ್ಲ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕ ಆಗಲಿಲ್ಲ. ಎರಡರ ನಡುವೆ ಸೇತುವೆ ಕಟ್ಟುವವರು ಇರಲಿಲ್ಲ. ನಮ್ಮ ಸಂತೆಯಲ್ಲಿ ತೊಗರಿ ತೂಗುವ ಮಗು, ಶಹಾಬಾದಿನ ಕಲ್ಲುಗಣಿಯಲ್ಲಿ ಪದರು ನೋಡಿ ಕಲ್ಲು ಎಲ್ಲಿ ಸೀಳುತ್ತದೆ ಎಂದು ಹೇಳುವ ಮಗು, ವಾಡಿ ಜಂಕ್ಷನ್ನಿನಲ್ಲಿ ನಿಂತು ರೈಲುಗಳ ವೇಳೆಯನ್ನು ಪಟಪಟನೆ ಒಪ್ಪಿಸುವ ಮಗು, ಇವರೆಲ್ಲರಲ್ಲೂ ಅಸಾಧಾರಣ ಬುದ್ಧಿ ಇದೆ ಎಂದು ನಾನು ಹೇಳುತ್ತಿಲ್ಲ. ಇಂಥ ಕಡೆ ಒಮ್ಮೆ ನಿಂತು ನೋಡಬೇಕು ಎನ್ನುತ್ತೇನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಗಂಡು ಮಗುವಿನ ಬುದ್ಧಿ ಕೆಲಸವಿಲ್ಲದಿದ್ದರೆ ಗಲಾಟೆಯಾಗಿ ಹೊರಗೆ ಬರುತ್ತದೆ, ಬೈಸಿಕೊಂಡಾದರೂ ಕಣ್ಣಿಗೆ ಬೀಳುತ್ತದೆ. ಹೆಣ್ಣು ಮಗು ಏಳನೇ ತರಗತಿ ದಾಟುವ ಹೊತ್ತಿಗೆ ತನಗೆ ಉತ್ತರ ಗೊತ್ತಿದ್ದರೂ ಗೊತ್ತಿಲ್ಲದವಳಂತೆ ಕೂಡುವುದನ್ನು ಕಲಿತಿರುತ್ತಾಳೆ. ‘ಹುಡುಗಿ ಬಲು ಶಾಂತ, ಅಕ್ಷರ ಮುತ್ತಿನಂಗ’ ಎಂದು ಹೊಗಳಿ ನಾವು ಮುಂದೆ ಹೋಗುತ್ತೇವೆ. ಆ ಶಾಂತತೆಯ ಕೆಳಗೆ ಏನಿದೆ ಎಂದು ಕೇಳದೆ ಮೂರು ವರ್ಷ ಕಳೆದರೆ ಮನೆಯವರು ಲಗ್ನದ ಮಾತು ಎತ್ತಿರುತ್ತಾರೆ.

ಗುರುತಿಸಿದ ಮೇಲೆ ಅರ್ಥ ಮಾಡಿಕೊಳ್ಳುವ ಕೆಲಸ ಬೇರೆ ಇದೆ, ಅದು ಹೆಚ್ಚು ಕಷ್ಟದ್ದು. ಇಂಥ ಮಗುವಿನ ಬುದ್ಧಿಗೆ ಹದಿನಾಲ್ಕು ವರ್ಷ, ಅಳುವಿಗೆ ಏಳು ವರ್ಷ, ಕೈಬೆರಳಿಗೆ ಆರು ವರ್ಷ ಇರಬಹುದು. ಯೋಚನೆ ಓಡುವ ವೇಗದಲ್ಲಿ ಕೈ ಬರೆಯಲಾರದು, ಅದಕ್ಕೇ ಬರಹ ಗೀಚುಗೀಚು. ಐದು ನಿಮಿಷದಲ್ಲಿ ತಿಳಿದ ಲೆಕ್ಕವನ್ನು ಇಪ್ಪತ್ತು ಸಲ ಮಾಡು ಎಂದರೆ ಹತ್ತನೆಯ ಸಲಕ್ಕೆ ಬೇಕೆಂದೇ ತಪ್ಪು ಮಾಡುತ್ತದೆ, ಇಲ್ಲವೇ ಪಕ್ಕದವನನ್ನು ಚಿವುಟುತ್ತದೆ. ಆಟದಲ್ಲಿ ಯಾರೋ ಮೋಸ ಮಾಡಿದರೆಂದು ದಿನವಿಡೀ ಕೊರಗುತ್ತದೆ. ಓರಿಗೆಯವರನ್ನು ಬಿಟ್ಟು ದೊಡ್ಡವರ ನಡುವೆ ಹೋಗಿ ಕೂಡುತ್ತದೆ. ಓದುವ ಬರೆಯುವ ತೊಡಕು ಇರುವ ಮಕ್ಕಳಲ್ಲೂ ತೀಕ್ಷ್ಣ ಬುದ್ಧಿ ಇರುತ್ತದೆ. ಆಗ ತೊಡಕು ಬುದ್ಧಿಯನ್ನು ಮುಚ್ಚುತ್ತದೆ, ಬುದ್ಧಿ ತೊಡಕನ್ನು ಮುಚ್ಚುತ್ತದೆ, ನಮಗೆ ಕಾಣುವುದು ಒಂದು ಸಾಧಾರಣ ಮಗು.

ಪೋಷಕರಿಗೂ ಒಂದು ಮಾತು. ಮಗು ಚುರುಕಾಗಿದೆ ಎಂದು ತಿಳಿದ ಕೂಡಲೇ ‘ನಮ್ಮ ಹುಡುಗ ಬಹಳ ಶಾಣ್ಯಾ’ ಎಂದು ಬಂದವರ ಮುಂದೆಲ್ಲ ಹೇಳಬೇಡಿ. ಅಮೆರಿಕದಲ್ಲಿ ಕ್ಲೌಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಎಂಬ ಇಬ್ಬರು ಐದನೇ ತರಗತಿಯ ಮಕ್ಕಳೊಂದಿಗೆ ಮಾಡಿದ ಪ್ರಯೋಗ 1998ರಲ್ಲಿ ಪ್ರಕಟವಾಯಿತು. ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಸುಲಭದ ಕೆಲಸವನ್ನೇ ಆರಿಸಿಕೊಂಡರು, ಕಷ್ಟದ್ದು ಎದುರಾದಾಗ ಬೇಗ ಕೈಚೆಲ್ಲಿದರು. ‘ಚೆನ್ನಾಗಿ ಶ್ರಮಪಟ್ಟೆ’ ಎಂದು ಹೇಳಿಸಿಕೊಂಡವರು ಕಷ್ಟದ್ದನ್ನೇ ಕೇಳಿ ತೆಗೆದುಕೊಂಡರು. ಶಾಣ್ಯಾ ಎಂಬ ಬಿರುದು ಹೊತ್ತ ಮಗು ಅದನ್ನು ಕಳೆದುಕೊಳ್ಳುವ ಭಯದಲ್ಲಿ ಬದುಕುತ್ತದೆ. ತಪ್ಪಾದೀತೆಂದು ಪ್ರಶ್ನೆ ಕೇಳುವುದನ್ನೇ ಬಿಡುತ್ತದೆ.

ಇನ್ನು ಇಂಥ ಮಕ್ಕಳಿಗೆ ಇರುವ ದಾರಿಗಳನ್ನು ನೋಡೋಣ. ನವೋದಯದ ಕೋಚಿಂಗ್ ಈಗ ತಾಲೂಕು ತಾಲೂಕಿಗೂ ಬಂದಿದೆ. 1986ರ ಶಿಕ್ಷಣ ನೀತಿಯಿಂದ ಬೆಳೆದ ಜವಾಹರ್ ನವೋದಯ ಶಾಲೆಗಳು ಹಳ್ಳಿಯ ಪ್ರತಿಭೆಗೆ ಈ ದೇಶ ಮಾಡಿದ ದೊಡ್ಡ ಉಪಕಾರ. ಮುಕ್ಕಾಲು ಪಾಲು ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ. ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. 80 ಪ್ರಶ್ನೆ, 100 ಅಂಕ, 2 ತಾಸು, ಅದರಲ್ಲಿ ಅರ್ಧದಷ್ಟು ಅಂಕ ಆಕೃತಿಗಳನ್ನು ನೋಡಿ ಯೋಚಿಸುವ ಮಾನಸಿಕ ಸಾಮರ್ಥ್ಯಕ್ಕೆ. ಆದರೆ ಒಂದು ಮಗುವಿಗೆ ಒಂದೇ ಅವಕಾಶ, ಒಂದು ಶಾಲೆಗೆ 80 ಸೀಟು. ಆ ದಿನ ಜ್ವರ ಬಂದರೆ ಮುಗಿಯಿತು. ತಂದೆತಾಯಿ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿದ್ದರೆ ಅರ್ಜಿ ಹಾಕಿಸುವವರೇ ಇರುವುದಿಲ್ಲ. ಎಂಟನೇ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಸರಕಾರಿ, ಅನುದಾನಿತ ಶಾಲೆಯಲ್ಲಿ ಓದುವ, ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ಮೀರದ ಮಕ್ಕಳಿಗೆ. ಗೆದ್ದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಗುಳೆ ಹೋಗುವ ಮನೆಗೆ ಆ ಹಣ ಹುಡುಗನನ್ನು ಊರಲ್ಲೇ ಬಿಟ್ಟುಹೋಗುವ ಧೈರ್ಯ ಕೊಡುತ್ತದೆ. ನನ್ನ ಆ ಹುಡುಗನ ಕಾಲಕ್ಕೆ ಇದು ಇರಲಿಲ್ಲ, ಯೋಜನೆ ಬಂದದ್ದು 2008ರಲ್ಲಿ. ಈಗ ಇದೆ, ಇದ್ದೂ ಅರ್ಜಿಯ ಕೊನೆಯ ದಿನ ಕಳೆದುಹೋಗುತ್ತದೆ.

ಆಯ್ಕೆಯಾದ ಎಂಬತ್ತು ಜನರ ಮಾತು ಆಯಿತು. ಉಳಿದವರು ಎದುರಿನ ಬೆಂಚಿನ ಮೇಲೆಯೇ ಇರುತ್ತಾರೆ. ಅವರಿಗೆ ಬೇಕಾದ ಉಪಾಯ ನಮ್ಮ ಕೈಯಲ್ಲೇ ಇದೆ ಎಂದರೆ ನಂಬುತ್ತೀರಾ? 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಹುಟ್ಟಿ ರಾಜ್ಯವಿಡೀ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಒಂದು ಕಲಿಕಾ ಏಣಿ ಇದೆ. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಕೂಡುತ್ತಾರೆ. ಪ್ರತಿ ಮಗು ತನ್ನ ಮೆಟ್ಟಿಲು ತಾನು ಏರುತ್ತದೆ. ತಡವಾಗಿ ಏರುವವನಿಗೆ ಅವಮಾನವಿಲ್ಲ, ಬೇಗ ಏರುವವನಿಗೆ ತಡೆಯಿಲ್ಲ. ತಾಂಡಾದ ಶಾಲೆಗಳಲ್ಲಿ ಒಂದನೇ ತರಗತಿಯ ಮಗು ಮೂರನೇ ತರಗತಿಯ ಕಾರ್ಡು ಹಿಡಿದು ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ತೆಗೆದು ಎಲ್ಲರನ್ನೂ ಸಾಲಾಗಿ ಕೂಡಿಸುತ್ತೇವೆ, ಎಲ್ಲರಿಗೂ ಒಂದೇ ಪುಟ. ಅಲ್ಲಿಂದಲೇ ಉಡಾಳರು ಹುಟ್ಟುತ್ತಾರೆ. ಆ ಏಣಿಯನ್ನು ಮೂರನೇ ತರಗತಿಯಾಚೆಗೂ ಚಾಚುವುದಕ್ಕೆ ಕಟ್ಟಡ ಬೇಡ, ಅನುದಾನ ಬೇಡ. ಗಣಿತದ ತಾಸಿಗೆ ಆರನೆಯವನನ್ನು ಎಂಟನೇ ತರಗತಿಯಲ್ಲಿ ಕೂಡಿಸಿದರೆ ಶಾಲೆಯ ಗೋಡೆ ಬೀಳುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳನ್ನು ಶಿಕ್ಷಕರು ಗುರುತಿಸಿ ಪಠ್ಯದಾಚೆಗೆ ಬೆಳೆಸಬೇಕು, ಶಾಲೆಗಳಲ್ಲಿ ವಿಷಯವಾರು ಕೂಟಗಳು ಬೇಕು ಎಂದು ಬರೆದಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಭಾರತದ ಮಕ್ಕಳಲ್ಲಿ ಪ್ರತಿಭೆಯನ್ನು ಗುರುತಿಸುವ ಬಗೆಯ ಮೇಲೆ ವರ್ಷಗಳಿಂದ ಕೆಲಸ ಮಾಡಿದೆ. ಈ ತಿಳಿವಳಿಕೆ ನಮ್ಮ ತಾಲೂಕಿನ ಶಿಕ್ಷಕರ ತರಬೇತಿಗೆ ಇಳಿದು ಬರಬೇಕು ಎಂದು ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.

ಪುಸ್ತಕದ ಮಾತಿಗೆ ಬಂದರೆ, ನಮ್ಮ ಚಿತ್ತಾಪುರದ ಪಕ್ಕದಲ್ಲೇ ನಾಗಾವಿ ಇದೆ. ಎಲ್ಲಮ್ಮನ ಜಾತ್ರೆಗೆ ಹೋಗುವವರು ಅರವತ್ತು ಕಂಬದ ಗುಡಿ ನೋಡಿ ಬರುತ್ತಾರೆ. ಅಲ್ಲಿ ಒಂದು ಘಟಿಕಾಸ್ಥಾನ ಇತ್ತು, ಅಂದರೆ ದೊಡ್ಡ ವಿದ್ಯಾಕೇಂದ್ರ. 1058ರ ಶಾಸನ ಅಲ್ಲಿಯ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ, ಗುರುಗಳ ಲೆಕ್ಕ ಕೊಡುತ್ತದೆ. ಪುಸ್ತಕ ಕಾಯುವ ಸರಸ್ವತಿ ಭಂಡಾರಿಗರೇ ಆರು ಮಂದಿ. ಮಿತಾಕ್ಷರ ಎಂಬ ನ್ಯಾಯಗ್ರಂಥ ಬರೆದ ವಿಜ್ಞಾನೇಶ್ವರ ಶಹಾಬಾದ್ ಹತ್ತಿರದ ಮರತೂರಿನವನು ಎನ್ನುತ್ತಾರೆ. ಇಂಥ ನೆಲದ ಎಷ್ಟೋ ಶಾಲೆಗಳಲ್ಲಿ ಇಂದು ಗ್ರಂಥಾಲಯ ಎಂದರೆ ಬೀಗ ಹಾಕಿದ ಒಂದು ಕಪಾಟು. ಬುದ್ಧಿ ಹಸಿದ ಮಗುವಿಗೆ ಆ ಕಪಾಟಿನ ಬೀಗ ತೆಗೆದುಕೊಟ್ಟರೆ ಅರ್ಧ ಕೆಲಸ ಆದಂತೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಹಳೆಯ ಸಂಚಿಕೆಗಳು ಸಿಕ್ಕರೂ ಸಾಕು. ಕಲಬುರಗಿಯ ವಿಜ್ಞಾನ ಕೇಂದ್ರಕ್ಕೆ ವರ್ಷಕ್ಕೊಮ್ಮೆ ಕರೆದೊಯ್ದರೆ ಇನ್ನೂ ಒಳ್ಳೆಯದು.

ಗುರುತಿಸುವ ಕಣ್ಣು ಒಂದು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲಿ ನನಗೆ ತಿಳಿದ ದೊಡ್ಡ ಉದಾಹರಣೆ ಹಾನಗಲ್ಲ ಕುಮಾರಸ್ವಾಮಿಗಳದ್ದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ, ಅಣ್ಣನಿಗೂ ಇರಲಿಲ್ಲ. ಬಡ ಮನೆಯ ಆ ಇಬ್ಬರ ಹಾಡನ್ನು ಸ್ವಾಮಿಗಳು ಕೇಳಿದರು, ಕರೆದೊಯ್ದರು, ಗುರುಗಳನ್ನು ಗೊತ್ತುಮಾಡಿದರು. ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು. ಅವರು ತಮ್ಮ ಪಾಲಿಗೆ ಇನ್ನೊಬ್ಬ ಅಂಧ ಬಾಲಕನನ್ನು ಗುರುತಿಸಿ ಕೈಹಿಡಿದರು, ಆತನೇ ಪುಟ್ಟರಾಜ ಗವಾಯಿ. ನಮ್ಮ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರೂ ಪಂಚಾಕ್ಷರ ಗವಾಯಿಗಳ ಕೈಯಲ್ಲಿ ಬೆಳೆದವರೇ. ಯಾವ ಪ್ರಶ್ನೆಪತ್ರಿಕೆಯೂ ಇಲ್ಲದೆ, ಒಬ್ಬರು ನಿಂತು ಕಿವಿಗೊಟ್ಟದ್ದರಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ಬೆಳೆದು ನಿಂತಿತು.

ನನ್ನ ಶಿಕ್ಷಕ ಬಂಧುಗಳೇ, ನಿಮ್ಮ ಹೊರೆ ನನಗೆ ಗೊತ್ತು. ಒಬ್ಬರಿಗೆ ಮೂರು ತರಗತಿ, ಬಿಸಿಯೂಟ, ಗಣತಿ, ಆನ್‌ಲೈನ್ ಮಾಹಿತಿ. ಹೊಸ ಫಾರಂ ತುಂಬಿ ಎಂದು ನಾನು ಹೇಳುವುದಿಲ್ಲ. ಹಾಜರಿ ಪುಸ್ತಕದ ಕೊನೆಯ ಹಾಳೆ ಖಾಲಿ ಇರುತ್ತದೆ. ಉತ್ತರ ಕೊಡಲು ನಿಮಗೆ ಆ ಗಳಿಗೆಗೆ ಸಾಧ್ಯವಾಗದ ಪ್ರಶ್ನೆಯನ್ನು ಯಾವ ಮಗು ಕೇಳಿದರೂ, ಮಗುವಿನ ಹೆಸರು, ತಾರೀಖು, ಪ್ರಶ್ನೆ, ಇಷ್ಟನ್ನು ಅಲ್ಲಿ ಬರೆದಿಡಿ. ಸಂಜೆ ಮನೆಗೆ ಹೋಗಿ ಯೋಚಿಸಿ, ಮಾರನೆಯ ದಿನ ಆ ಮಗುವನ್ನು ಕರೆದು ಮಾತಾಡಿ. ಮಗು ಗುಳೆ ಹೊರಡುವ ಮುಂಚೆ ಆ ಹಾಳೆಯನ್ನು ತಂದೆತಾಯಿಗೆ ಓದಿ ಹೇಳಿ, ಊರಲ್ಲಿ ಬಿಟ್ಟುಹೋಗಲು ಋತುಮಾನದ ವಸತಿ ನಿಲಯ ಇದೆಯೇ ಎಂದು ವಿಚಾರಿಸಿ. ವರ್ಗವಾಗಿ ಹೋಗುವಾಗ ಆ ಹಾಳೆಯನ್ನು ನಿಮ್ಮ ಜಾಗಕ್ಕೆ ಬರುವವರ ಕೈಗೆ ಕೊಡಿ. ನನ್ನ ಮೂವತ್ತು ವರ್ಷದ ಹಾಜರಿ ಪುಸ್ತಕಗಳಲ್ಲಿ ಆ ಕೊನೆಯ ಹಾಳೆಗಳೆಲ್ಲವೂ ಖಾಲಿ ಇದ್ದವು.